ನಾನು ತಿಕ್ಕಿದ ಹಿತ್ತಾಳೆ ತಗಡು

ನನ್ನ ಅಣ್ಣ ಕುವೈತಿನಲ್ಲಿ ಇಪ್ಪತ್ತು ವರ್ಷ ಒಬ್ಬ ಯಜಮಾನನ ಕಾರು ಓಡಿಸಿದ. ಕಣ್ಣಿನ ನರ ಸೋಲುತ್ತಿದೆ, ವರ್ಷದೊಳಗೆ ಏನೂ ಕಾಣುವುದಿಲ್ಲ ಎಂದು ಅಲ್ಲಿಯ ಡಾಕ್ಟರು ಹೇಳಿದಾಗ ಊರಿಗೆ ಹೊರಟ. ಯಜಮಾನ ಆ ಹಳೆಯ ಕಾರನ್ನು ಮೊದಲೇ ಅವನ ಹೆಸರಿಗೆ ಮಾಡಿಕೊಟ್ಟಿದ್ದ. ಅದು ಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಲಾರಿಯ ಮೇಲೆ ಶಹಾಪುರಕ್ಕೆ ಬಂತು. ಎಡಗಡೆ ಸ್ಟೇರಿಂಗ್ ನೋಡಲು ಓಣಿಗೆ ಓಣಿಯೇ ನೆರೆಯಿತು.

ಅಣ್ಣನಿಗೆ ಬೇಕಾಗಿದ್ದುದು ಒಂದೇ. ನಮ್ಮ ಕಡೆಯ ನಂಬರು ಹಾಕಿಸಿ, ಪಕ್ಕದಲ್ಲಿ ಅವ್ವನನ್ನು ಕೂರಿಸಿಕೊಂಡು, ಕಣ್ಣು ಇರುವಾಗಲೇ ಕಾಲುವೆ ದಂಡೆ ಹಿಡಿದು ಬೋನಾಳದ ಕೆರೆಯತನಕ ಒಮ್ಮೆ ಹೋಗಿಬರುವುದು. ನಂಬರಿಲ್ಲದೆ ಒಂದು ಗಜವೂ ಓಡಿಸುವುದಿಲ್ಲ ಎಂದು ಹಟ ಹಿಡಿದಿದ್ದ. ಅವನ ನಿಯತ್ತು ಹಾಗೆ.

ನಂಬರು ಕೊಡುವ ಆರ್‌ಟಿಓ ಸಾಹೇಬರು ಗಾಡಿ ತಪಾಸಣೆಗೆ ಬರುವ ದಿನ ಮೊದಲು ಪೂಜೆ ಆಗಬೇಕೆಂದಳು ಅವ್ವ. ನಮ್ಮ ಮನೆಯಲ್ಲಿ ತಿಕ್ಕದ ಹಿತ್ತಾಳೆಯ ಮುಂದೆ ಊದಿನಕಡ್ಡಿ ಹಚ್ಚುವ ಪದ್ಧತಿ ಇಲ್ಲ. ಬಾನೆಟ್ಟಿನ ಒಳಗೆ ಕಪ್ಪುಗಟ್ಟಿದ ಒಂದು ಹಿತ್ತಾಳೆ ತಗಡು ನನ್ನ ಕಣ್ಣಿಗೆ ಬಿತ್ತು. ಹುಣಸೆಹಣ್ಣು, ಬೂದಿ, ಮೇಲೊಂದಿಷ್ಟು ಉಸುಕು ಹಾಕಿ ದೇವರ ದೀಪದ ಸಮೆ ತಿಕ್ಕಿದಂತೆ ಗಸಗಸ ತಿಕ್ಕಿದೆ. ಥಳಥಳ ಹೊಳೆಯಿತು. ಎಂಥ ದಡ್ಡಿ ನಾನು! ಮಕ್ಕಳಿಗೆ ಓದು ಕಲಿಸುವ ಮಾಸ್ತರತಿ, ಅದರ ಮೇಲೆ ಏನು ಬರೆದಿದೆ ಎಂದು ನೋಡಲೇ ಇಲ್ಲ.

ಸಾಹೇಬರು ತಗಡಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿದರು. ಅದರ ಮೇಲಿರಬೇಕಾದ ಕಾರ್ಖಾನೆಯ ನಂಬರಿನ ಗುರುತೇ ಮೂಡಲಿಲ್ಲ. ಗಾಡಿಯ ಅಡಿಯ ಚಾಸಿಯ ಮೇಲೆ ಕೊರೆದಿದ್ದ ಅದೇ ನಂಬರನ್ನು ಕಡಲಿನ ಗಾಳಿಯ ತುಕ್ಕು ಎಂದೋ ತಿಂದಿತ್ತು.

"ಇದನ್ನ ಯಾರು ತಿಕ್ಯಾರ?" ಎಂದರು ಸಾಹೇಬರು.

ಅಣ್ಣ ಒಮ್ಮೆ ನನ್ನ ಕಡೆ ತಿರುಗಿದ. ಆಮೇಲೆ, "ನಾನ ತಿಕ್ಕೀನ್ರಿ, ಸಾಹೇಬ್ರ. ಪೂಜಿ ಇತ್ತರಿ," ಎಂದ.

ನಾನು ಬಾಯಿ ಬಿಡಲಿಲ್ಲ. ಅದರ ನಾಚಿಕೆ ಇವತ್ತಿಗೂ ಇದೆ.

ಕಾರ್ಖಾನೆಯ ನಂಬರು ಖಾತ್ರಿಯಾಗದೆ ನಮ್ಮ ಕಡೆಯ ನಂಬರು ಕೊಡುವಂತಿರಲಿಲ್ಲ. ಅದನ್ನು ಖಾತ್ರಿ ಮಾಡಿಕೊಳ್ಳಲು ಮುಂಬಯಿಗೆ ಕಾಗದ ಹೋಯಿತು, ಅಲ್ಲಿಂದ ಕುವೈತಿಗೆ. ಮಂಜೂರಿ ಬರುವಷ್ಟರಲ್ಲಿ ವರ್ಷ ದಾಟಿತ್ತು. ಅಷ್ಟರೊಳಗೆ ಅಣ್ಣ ಗೋಡೆ ಹಿಡಿದು ನಡೆಯುತ್ತಿದ್ದ. ಆ ಕಾಗದವನ್ನು ನಾನೇ ಅವನಿಗೆ ಓದಿ ಹೇಳಿದೆ.

"ಡ್ರೈವರನ್ನ ಕರಸ್ತೀನಿ. ಅವ್ವನ ಜೋಡಿ ನೀ ಹಿಂದ ಕುಂಡ್ರು, ಹೋಗಿಬರೂಣು," ಎಂದೆ.

"ಬ್ಯಾಡ. ಇಪ್ಪತ್ತು ವರ್ಷ ಮಂದೀನ ಹಿಂದ ಕುಂಡ್ರಿಸಿ ಒಯ್ದೀನಿ. ನನ್ನ ಗಾಡ್ಯಾಗ ನಾ ಹಿಂದ ಕುಂಡ್ರಂಗಿಲ್ಲ."

ಆಗ ನನ್ನಿಂದ ತಡೆಯಲಾಗಲಿಲ್ಲ. ಅಳುತ್ತ, "ಅದನ್ನ ತಿಕ್ಕಿದಾಕಿ ನಾನ, ಅಣ್ಣ," ಎಂದೆ.

"ಗೊತ್ತದ ತಂಗಿ," ಎಂದ ಅಣ್ಣ. "ಅವತ್ತ ಸಾಹೇಬ್ರು ಕೇಳಿದಾಗ ನಿನ್ನ ಮಾರಿ ನೋಡಿದ್ನಲ್ಲ. ಆವಾಗ ನನಗ ಕಾಣಸ್ತಿತ್ತು."