ಇಬ್ಬರಿಲ್ಲದಿದ್ದರೆ ರಿವಾಲ್ವರ್ ಸ್ಪರ್ಧೆಯಿಲ್ಲ

ನಮ್ಮ ಮಾವನವರ ಬಲಗೈ ಹೆಬ್ಬೆರಳು ಹಿಂದಕ್ಕೆ ಬಾಗಿ ಬಿಲ್ಲಿನಂತಾಗಿತ್ತು. ಹಣೆಗೆ ವಿಭೂತಿ ಎಳೆಯುವಾಗಲೂ ಅದೊಂದು ಬೆರಳು ಬೇರೆಯಾಗಿಯೇ ನಿಲ್ಲುತ್ತಿತ್ತು. ಗುಂಡು ಹಾರಿಸುವ ಮೊದಲು ರಿವಾಲ್ವರಿನ ಹಿಂಬದಿಯ ಕುದುರೆಯನ್ನು ಹೆಬ್ಬೆರಳಿನಿಂದ ಎಳೆದೂ ಎಳೆದೂ ಹಾಗಾಯಿತೆಂದು ಅವರು. ಹುಟ್ಟಿನಿಂದಲೇ ಹಾಗಿತ್ತೆಂದು ಅತ್ತೆ.

ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ. ಭಾನುವಾರ ಬಂತೆಂದರೆ ಸಂಡೂರು ದಾರಿಯ ಗುಡ್ಡದ ಬುಡದಲ್ಲಿರುವ ಶೂಟಿಂಗ್ ಕ್ಲಬ್ಬು. ಅಲ್ಲಿ ಗಣಿ ಎಂಜಿನಿಯರುಗಳು, ಗುತ್ತಿಗೆದಾರರು ಒಬ್ಬೊಬ್ಬರಾಗಿ ಪಿಸ್ತೂಲಿನ ಕಡೆ ಹೋದರು. ಅದು ಹಗುರ, ಗುಂಡು ಹೆಚ್ಚು ಹಿಡಿಯುತ್ತದೆ, ತುಂಬುವುದೂ ಬೇಗ. ರಿವಾಲ್ವರಿಗೆ ಉಳಿದವರು ಮಾವ ಒಬ್ಬರೇ. ವಾರ್ಷಿಕ ಸ್ಪರ್ಧೆಗೆ ಇಬ್ಬರಾದರೂ ಹೆಸರು ಕೊಡದಿದ್ದರೆ ಆ ವಿಭಾಗವೇ ರದ್ದು. ಎರಡನೆಯವನಾಗಿ ಸಿಕ್ಕಿಬಿದ್ದವನು ನಾನು: ಹೊಸಪೇಟೆಯ ಔಷಧಿ ಅಂಗಡಿಯವನು, ಹಾಕಿದ ಬೀಗವನ್ನು ಮತ್ತೆ ಮತ್ತೆ ಎಳೆದು ನೋಡುವವನು, ಪಟಾಕಿಗೂ ಕಿವಿ ಮುಚ್ಚುವವನು.

“ಮಾವಾರ, ನನ್ನ ಕೈ ನಡುಗ್ತಾವ್ರಿ” ಎಂದೆ.

“ನಡುಗ್ಲಿ ಬಿಡ್ರಿ ಅಳಿಯಾರ. ನಿಮ್ಮನ್ನ ಗೆಲ್ಲಾಕ ಯಾರು ಕರದಾರ? ಸುಮ್ನ ಬಂದು ಸೋಲ್ರಿ.”

ಹೀಗೆ ವರ್ಷ ವರ್ಷವೂ ಹೋಗಿ ಸೋತು ಬಂದೆ. ಕಾರಿನಲ್ಲಿ ಪ್ರತಿ ಸಲವೂ ಅದೇ ಪ್ರವಚನ: “ಪಿಸ್ತೂಲು ನಡುವ ಸಿಕ್ಕೊಂತೈತಿ. ಮ್ಯಾಗಜೀನ್ ತಗದ್ರೂ ಒಳಗೊಂದು ಗುಂಡು ಅಡಗಿ ಕುಂತಿರ್ತೈತಿ. ಇದು ಹಂಗಲ್ಲ. ಸಿಲಿಂಡರ್ ತಗದ್ರ ಗುಂಡಿನ ಆರೂ ಮನಿ ಕಣ್ಣಿಗೆ ಕಾಣ್ತಾವ. ನಿಮ್ಮಂಥ ಅಂಜುಬುರುಕರಿಗೇ ಮಾಡಿದ್ದು!”

ಸಿಟ್ಟು ಬರುತ್ತಿದ್ದದ್ದು ಆ ಮಾತು ನಿಜವಾಗಿದ್ದಕ್ಕೆ. ಆರೂ ತೂತುಗಳಾಚೆ ಬೆಳಕು ಕಂಡಾಗ ನನ್ನ ಎದೆ ಹಗುರಾಗುತ್ತಿತ್ತು. ಬೀಗ ಎಳೆದು ನೋಡಿದರೆ ಮನೆಯವರೆಲ್ಲ ನಗುತ್ತಾರೆ. ಕ್ಲಬ್ಬಿನಲ್ಲಿ ಸಿಲಿಂಡರನ್ನು ಮತ್ತೆ ತೆರೆದು ನೋಡಿದರೆ ಮಾವ ಮಾತ್ರ, “ಇನ್ನೊಮ್ಮೆ ನೋಡ್ರಿ” ಎನ್ನುತ್ತಿದ್ದರು.

ಒಂದು ಮಹಾನವಮಿಗೆ ಆಯುಧಪೂಜೆಯೆಂದು ರಿವಾಲ್ವರಿಗೆ ಗಂಧ, ಅರಿಶಿನ, ಕುಂಕುಮ ಮೆತ್ತಿದರು. ಪೂಜೆಯದನ್ನು ಒರೆಸಬಾರದಂತೆ! ಮರುವಾರವೇ ಸ್ಪರ್ಧೆ. ಒಂದು ಗುಂಡು ಹಾರಿತು, ಅಷ್ಟೇ. ಸಂದಿಗಿಳಿದು ಒಣಗಿದ ಗಂಧಕ್ಕೆ ಸಿಲಿಂಡರು ಕಚ್ಚಿಕೊಂಡಿತು.

“ಯಜಮಾನ್ರ, ಪಿಸ್ತೂಲು ಸಿಕ್ಕೊಂತೈತಿ ಅಂತಿದ್ರಲ್ಲ?” ಎಂದು ಗುತ್ತಿಗೆದಾರರೊಬ್ಬರು ಕೆಣಕಿದರು.

“ದೇವರು ಹಿಡಕೊಂಡಾನ, ನಿನಗೇನು ಗೊತ್ತಲೇ!” ಎಂದು ಮಾವ ಗದರಿದರು.

ಅವರು ಬೇರೆಯದನ್ನು ಮುಟ್ಟಲಿಲ್ಲ. ಕ್ಲಬ್ಬಿನ ಹಳೆಯ ರಿವಾಲ್ವರಿನಿಂದ ಗುರಿಹಲಗೆಯ ಅಂಚಿಗೆ ಹೇಗೋ ತಾಗಿಸಿ ನಾನು ಗೆದ್ದೆ. ಅಂಥ ಗೆಲುವನ್ನು ಮುಚ್ಚಿಟ್ಟರೆ ಮರ್ಯಾದೆ. ಅವರೋ ಕಂಪ್ಲಿಯ ಹೋಟೆಲುಗಳಲ್ಲೆಲ್ಲ, “ನಮ್ಮ ಅಳಿಯ ಹೊಡದ ನೋಡ್ರಿ, ಮಸ್ತ್ ಹೊಡದ” ಎಂದು ಸಾರಿದರು.

ಹೋದ ಚಳಿಗಾಲದಲ್ಲಿ ಮಾವ ಲಿಂಗೈಕ್ಯರಾದರು. ಅವರ ರಿವಾಲ್ವರನ್ನು ಠಾಣೆಗೆ ಒಪ್ಪಿಸಿ ಬಂದೆ. ಇನ್ನಾದರೂ ಭಾನುವಾರ ನಿದ್ದೆ ಮಾಡಬಹುದು ಎಂದುಕೊಂಡೆ. ಮೊನ್ನೆ ಕ್ಲಬ್ಬಿನ ಕಾರ್ಯದರ್ಶಿ ಫೋನು ಮಾಡಿದರು: “ನೀವೊಬ್ರೇ ಉಳಿದ್ರಿ. ರಿವಾಲ್ವರ್ ವಿಭಾಗ ತಗದುಬಿಡ್ಲೇನ್ರಿ?”

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಸ್ಪೀಕರ್ ಹಾಕಿ ಇನ್ನೊಮ್ಮೆ ಹೇಳಿಸಿದೆ. ರೊಟ್ಟಿ ತಟ್ಟುತ್ತಿದ್ದ ನನ್ನ ಹೆಂಡತಿ ಫೋನಿನತ್ತ ಬಾಗಿ, “ತಗೀಬ್ಯಾಡ್ರಿ, ನನ್ನ ಹೆಸರು ಬರಕೊಳ್ರಿ” ಎಂದಳು. ಆಮೇಲೆ ನನ್ನತ್ತ ತಿರುಗಿ, “ಏನ್ ನೋಡ್ತೀರಿ? ಇಷ್ಟು ವರ್ಷ ಅಳಿಯನ್ನ ಕರದಾನ. ಮಗಳನ್ನ ಒಂದಿನಾರ ಕರದಾನೇನು ನಮ್ಮಪ್ಪ?” ಎಂದಳು.

ಕೂಡಲೇ ಚಿಂತೆ ಹತ್ತಿತು. ಬಂದೂಕು ಮುಟ್ಟಿದವಳಲ್ಲ, ಮೊದಲಿನಿಂದ ಹೇಳಿಕೊಡಬೇಕು. ಯಾರು ಹೇಳಿಕೊಡುವವರು? ಅವಳ ಅಪ್ಪನ ಹತ್ತಿರ ಇದನ್ನು ಕಲಿತು ಉಳಿದವನು ನಾನೊಬ್ಬನೇ.