ಎರಡನೆಯ ಏಟಿಗೆ ಮೊದಲು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬಹಳ ವರ್ಷ ಇದನ್ನೊಂದು ಗುಣವೆಂದೇ ಹೇಳಿಕೊಂಡು ತಿರುಗಿದೆ. ಹೈದರಾಬಾದಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಇಪ್ಪತ್ತಾರು ವರ್ಷ ಪಿ.ಟಿ. ಟೀಚರ್ ಆಗಿದ್ದವಳು ನಾನು, ಒಂದು ಕೈಯಲ್ಲಿ ಸೀಟಿ, ಇನ್ನೊಂದರಲ್ಲಿ ಬೆತ್ತ. ಬೆತ್ತ ಹಿಡಿಯಬಾರದೆಂದು ಸುತ್ತೋಲೆ ಬಂದ ಮೇಲೆ ಬರಿಗೈ ಸಾಕೆಂದುಕೊಂಡೆ. ಅಪ್ಪ ಕಲಬುರ್ಗಿಯಿಂದ ಸರಕಾರಿ ನೌಕರಿಗೆ ಬಂದು ಇಲ್ಲೇ ನಿಂತವರು. ಕಚೇರಿಯಲ್ಲಿ ಬಾಯಿ ಸತ್ತವರು, ಮನೆಯಲ್ಲಿ ಬೆಲ್ಟು ಬಿಚ್ಚುವವರು. ಅವರ ಮೂಗು ನನಗೆ ಬಂದಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಬಂದದ್ದು ಮೂಗೊಂದೇ ಅಲ್ಲ.

ನಿವೃತ್ತಿಗೆ ಸ್ವಲ್ಪ ಮುಂಚೆ ಶಂಶಾಬಾದಿನ ಕಡೆ ಒಂದು ಫ್ಲ್ಯಾಟು ಕೊಂಡೆ. ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಮಕ್ಕಳಿಲ್ಲ. ಪಕ್ಕದ ಜಾಗದಲ್ಲಿ ಇನ್ನೊಂದು ಕಟ್ಟಡ ಏಳುತ್ತಿತ್ತು. ಅಲ್ಲಿಯ ಕೂಲಿಗಳು ಯಾದಗಿರಿ ಕಡೆಯವರು, ಕಾಂಪೌಂಡಿಗೆ ತಾಗಿಸಿ ತಗಡಿನ ಶೆಡ್ಡು ಹಾಕಿಕೊಂಡಿದ್ದರು. ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಆ ಕಡೆಯಿಂದ ಕೂಗು ಕೇಳಿಸಿತು. "ಯಪ್ಪಾ, ಸತ್ನೆಪ್ಪೋ!" ಈ ಊರಿನಲ್ಲಿ ಜಗಳದ ಕೂಗು ಹೊಸದಲ್ಲ. ತೆಲುಗಿನಲ್ಲೋ ಹಿಂದಿಯಲ್ಲೋ ಕೂಗಿದ್ದರೆ ಎದ್ದು ಓಡುತ್ತಿದ್ದೆನೋ ಇಲ್ಲವೋ ನಾನರಿಯೆ. ಕನ್ನಡದಲ್ಲಿ ಕೂಗಿದ್ದರಿಂದ ಎಂಜಲು ಕೈಯಲ್ಲೇ, ಮೂಲೆಯಲ್ಲಿದ್ದ ಹಾಕಿ ಸ್ಟಿಕ್ಕು ಹಿಡಿದು ಓಡಿದೆ.

ಮರಳಿನ ಗುಡ್ಡೆಯ ಮೇಲೆ ಮೂವತ್ತರ ಒಂದು ಹೆಂಗಸು ಬಿದ್ದಿತ್ತು. ಗದ್ದ ಒಂದು ಪಕ್ಕಕ್ಕೆ ಜೋತು ಬಿದ್ದು, ಬಾಯಿ ಮುಚ್ಚಲಾಗದೆ ರಕ್ತ ಸುರಿಯುತ್ತಿತ್ತು. ಗಂಡ ಸೆಂಟ್ರಿಂಗ್ ಹಲಗೆಯನ್ನು ಇನ್ನೊಂದು ಸಲ ಎತ್ತಿದ್ದ. ಸುತ್ತ ನಾಲ್ಕಾರು ಜನ ಕೈಕಟ್ಟಿ ನಿಂತಿದ್ದರು. ಮೇಸ್ತ್ರಿ ನನಗೇ ಬುದ್ಧಿ ಹೇಳಿದ: "ಗಂಡಾ ಹೆಂಡ್ತಿ ಜಗಳ ಐತ್ರಿ, ನೀವ್ಯಾಕ ನಡುವ ಬರ್ತೀರಿ?" ನಾನು ಅವನನ್ನು ದೂಡಿ ಆ ಗಂಡನ ಮೊಣಕಾಲಿಗೆ ಬಿಗಿದೆ. ಅವನು ಕುಸಿದ ಮೇಲೆ ಬೆನ್ನಿಗೆ ಹೊಡೆದೆ, ಕೈ ಸೋಲುವ ತನಕ ಹೊಡೆದೆ. ಪೊಲೀಸರು ಬಂದು ಅವನನ್ನು ಎತ್ತಿಕೊಂಡು ಹೋದರು. ಮರುದಿನ ಸ್ಟಾಫ್ ರೂಮಿನಲ್ಲಿ ಅಡಿಪಟ್ಟಿ ಹಿಡಿದು ಹೊಡೆದದ್ದನ್ನು ಅಭಿನಯಿಸಿ ತೋರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೆ ಅಷ್ಟು ಸುಖವಾದ ದಿನ ಜೀವನದಲ್ಲಿ ಕಡಿಮೆ.

ಆ ಹೆಂಗಸಿನ ದವಡೆಗೆ ಆಸ್ಪತ್ರೆಯಲ್ಲಿ ಬಾಯಿ ತೆರೆಯದಂತೆ ತಂತಿ ಕಟ್ಟಿ ಆರು ವಾರ ಬಿಚ್ಚಬಾರದೆಂದರು. ಎರಡು ವಾರಕ್ಕೆ ಅವಳು ಸೈಟಿನಲ್ಲಿ ಇಟ್ಟಿಗೆ ಹೊರುತ್ತಿದ್ದಳು. ಬರೀ ಗಂಜಿ ಕುಡಿದು ಎಷ್ಟೆಂದು ಹೊತ್ತಾಳು? ಒಂದು ಮಧ್ಯಾಹ್ನ ಹಸಿವು ತಡೆಯಲಾರದೆ, ಕಬ್ಬಿಣದ ಸಲಾಕೆ ಕಟ್ಟುವ ಇಕ್ಕಳದಿಂದ ತನ್ನ ಬಾಯಿಯ ತಂತಿಯನ್ನು ತಾನೇ ಕತ್ತರಿಸಿಕೊಂಡು ರೊಟ್ಟಿ ತಿಂದಳು. ಸಲಾಕೆಗೆ ತಂತಿ ಬಿಗಿಯುವುದು, ಬಿಚ್ಚುವುದು ಅವಳ ದಿನದ ಕೆಲಸ. ಇದೂ ತಂತಿಯೇ ಅಲ್ಲವೇ ಎಂದುಕೊಂಡಿದ್ದಳು. ಮೂಳೆ ಸೊಟ್ಟಗೆ ಕೂಡಿಕೊಂಡಿತು. ಆಮೇಲೆ ಮೆತ್ತನೆಯ ಅನ್ನವನ್ನೂ ಅಗಿಯಲಾಗದೆ ಹಾಗೇ ನುಂಗುತ್ತಿದ್ದಳು, ನುಂಗುವಾಗೆಲ್ಲ ಕಣ್ಣಲ್ಲಿ ನೀರು. ಡಾಕ್ಟರು ನೋಡಿ, ಮೂಳೆಯನ್ನು ಮತ್ತೆ ಮುರಿದು ಪ್ಲೇಟು ಹಾಕಿ ಕೂಡಿಸಬೇಕು, ತಡ ಮಾಡಿದಷ್ಟೂ ಕಷ್ಟ ಎಂದರು. ಅವಳ ಪುಕ್ಕಟೆ ಚಿಕಿತ್ಸೆಯ ಕಾರ್ಡು ಕರ್ನಾಟಕದ್ದು, ಆಸ್ಪತ್ರೆ ತೆಲಂಗಾಣದ್ದು. ಹಣ ಕೈಯಿಂದಲೇ ಹೋಗಬೇಕು.

ಅವಳನ್ನು ನನ್ನ ಮನೆಯಲ್ಲೇ ಇಟ್ಟುಕೊಂಡೆ. ಜಾಮೀನಿನ ಮೇಲೆ ಹೊರಗೆ ಬಂದ ಗಂಡ ಪ್ರತಿ ವಾರ ತನ್ನ ತಾಯಿಯ ಕೈಯಲ್ಲಿ ಹೇಳಿ ಕಳಿಸುತ್ತಿದ್ದ. ಆ ಮುದುಕಿ ಬಾಗಿಲಲ್ಲಿ ಕೂತು ಒಂದೇ ಮಾತು ಹೇಳುತ್ತಿತ್ತು: "ಕುಡದಿದ್ನವ್ವಾ, ಅವಂಗ ಖಬರ ಇದ್ದಿಲ್ಲ." ಮಗನಿಗೆ ಮೈಮೇಲೆ ಎಚ್ಚರವೇ ಇರಲಿಲ್ಲವಂತೆ! ನಾನು ಬೈದು ಓಡಿಸುತ್ತಿದ್ದೆ. ಆದರೆ ಇವಳು ಅದನ್ನು ನಂಬುತ್ತಿದ್ದಳು.

"ಖರೇನ ಅಕ್ಕಾರ. ಕುಡದ್ರ ಅವಂಗ ಏನೂ ಖಬರ ಇರೂದಿಲ್ರಿ. ಗದ್ದ ನೆಟ್ಟಗಾದ ಮ್ಯಾಲ ಹೋಗ್ತೀನ್ರಿ ನಾ."

"ಹೋಗು, ಹೋಗಿ ಇನ್ನೊಂದು ಕಡೀದೂ ಮುರಿಸ್ಕೊ" ಎಂದು ಕಿರುಚುತ್ತಿದ್ದೆ. ಅವಳು ತಲೆ ತಗ್ಗಿಸುತ್ತಿದ್ದಳು. ಅವಳ ಮನಸ್ಸು ಮಾತ್ರ ಒಂದಿಂಚೂ ಕದಲುತ್ತಿರಲಿಲ್ಲ.

ಅದೇ ಹೊತ್ತಿಗೆ ನಮ್ಮ ಊರಿನ ಒಂದು ಚಾರಣದ ಬಳಗ ಹಿಮಾಲಯಕ್ಕೆ ಹೊರಡುವ ತಯಾರಿ ನಡೆಸಿತ್ತು. ಹತ್ತುವವರು ಒಬ್ಬೊಬ್ಬರೂ ಒಂದೊಂದು ಒಳ್ಳೆಯ ಕೆಲಸಕ್ಕೆಂದು ಹಣ ಎತ್ತಬೇಕು. ಕೊಡುವವರು ಮೊದಲು ಮಾತು ಕೊಡುತ್ತಾರೆ, ತುದಿ ಮುಟ್ಟಿದ ಫೋಟೊ ನೋಡಿದ ಮೇಲೆ ಹಣ ಕೊಡುತ್ತಾರೆ. ಐವತ್ತೇಳು ವರ್ಷದ ನಾನು ಇವಳ ಆಪರೇಷನ್ನಿಗೆಂದು ಹೆಸರು ಬರೆಸಿದೆ. ಹಳೆಯ ವಿದ್ಯಾರ್ಥಿನಿಯರು ಮಾತು ಕೊಟ್ಟರು, ಪೆಟ್ಟು ತಿಂದವರೂ ಕೊಟ್ಟರು. ದೊಡ್ಡ ಪಾಲು ಬೇಗಂ ಬಜಾರಿನ ಒಬ್ಬ ಸ್ಟೀಲ್ ಪಾತ್ರೆ ವ್ಯಾಪಾರಿಯದು. ಅವನ ಮಗಳು ನನ್ನ ಕಬಡ್ಡಿ ತಂಡದಲ್ಲಿದ್ದವಳು. "ಅರ್ಧಕ್ಕೆ ಬಂದರೆ ಅರ್ಧ ಸಿಗುತ್ತದೆ ಅಂದುಕೊಳ್ಳಬೇಡಿ ಮೇಡಂ. ತುದಿ ಅಂದರೆ ತುದಿ" ಎಂದು ಹಿಂದಿಯಲ್ಲಿ ಹೇಳಿ ನಕ್ಕ. ನಾಲ್ಕು ತಿಂಗಳು ಬೆನ್ನಿಗೆ ಅಕ್ಕಿ ಚೀಲ ಕಟ್ಟಿಕೊಂಡು ನಮ್ಮ ಕಟ್ಟಡದ ಹನ್ನೊಂದು ಮಹಡಿಯ ಮೆಟ್ಟಿಲು ಹತ್ತಿ ಇಳಿದೆ.

ಬೆಟ್ಟದಲ್ಲಿ ನಾವು ಎಂಟು ಜನ. ದಾರಿ ತೋರಿಸುವವನು ಅಲ್ಲಿಯದೇ ಹಳ್ಳಿಯವನು, ನಲವತ್ತರ ಆಸುಪಾಸು, ಮಾತು ಕಡಿಮೆ. ಪ್ರತಿದಿನ ಬೆಳಿಗ್ಗೆ ಎಲ್ಲರ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿ ಮೈಯಲ್ಲಿ ಪ್ರಾಣವಾಯು ಎಷ್ಟಿದೆ ಎಂದು ನೋಡುತ್ತಿದ್ದ. ಅಂಕಿ ತೀರ ಇಳಿದವರು ಮೇಲೆ ಹೋಗುವಂತಿಲ್ಲ. ಮೂರನೆಯ ದಿನದಿಂದ ನನ್ನ ತಲೆ ಸಿಡಿಯುತ್ತಿತ್ತು. ತಿಂದದ್ದನ್ನೆಲ್ಲ ಡೇರೆಯ ಹಿಂದೆ ಹೋಗಿ ಕಕ್ಕಿ, ಮೇಲೆ ಹಿಮ ಮುಚ್ಚಿ ಬರುತ್ತಿದ್ದೆ. ಇಪ್ಪತ್ತಾರು ವರ್ಷ ಮಕ್ಕಳಿಗೆ ಉಸಿರಾಟ ಕಲಿಸಿದವಳಿಗೆ ಕ್ಲಿಪ್ಪಿಗೆ ಮೋಸ ಮಾಡುವುದು ದೊಡ್ಡ ಮಾತೇ? ಅವನು ಹತ್ತಿರ ಬರುವ ಮೊದಲು ಹತ್ತು ಸಲ ಜೋರಾಗಿ ಉಸಿರೆಳೆದು ಬಿಡುತ್ತಿದ್ದೆ. ಅಂಕಿ ಏರುತ್ತಿತ್ತು. "ಭೇಷ್ ಮೇಡಂ" ಎನ್ನುತ್ತಿದ್ದ ಅವನು.

ಕೊನೆಯ ದಿನ ತುದಿಗೆ ಇನ್ನೊಂದು ಗಂಟೆಯ ದಾರಿ ಇದ್ದಾಗ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ನೇರ ಇಟ್ಟ ಹೆಜ್ಜೆ ಪಕ್ಕಕ್ಕೆ ಬೀಳುತ್ತಿತ್ತು. ಅವನು ನಿಲ್ಲಿಸಿ, ಹಿಮದಲ್ಲಿ ಒಂದು ಗೆರೆ ಎಳೆದು, ಅದರ ಮೇಲೆ ನಡೆಯಿರಿ ಎಂದ. ಎರಡೇ ಹೆಜ್ಜೆಗೆ ಬಿದ್ದೆ. ಅವನು ನನ್ನ ಮೊಣಕೈ ಹಿಡಿದೆತ್ತಿ, "ವಾಪಸ್, ಮೇಡಂ" ಎಂದ.

"ಬಿಡು. ಒಂದೇ ಗಂಟೆ."

"ಇಲ್ಲ ಮೇಡಂ. ಈಗಲೇ ಇಳಿಯಬೇಕು."

ಅವನು ಮೊಣಕೈ ಬಿಡಲಿಲ್ಲ. ಹಿಮಕ್ಕೆ ಊರುತ್ತಿದ್ದ ಕೋಲು ನನ್ನ ಕೈಯಲ್ಲಿ ಎದ್ದಿತು. ಮೊದಲ ಏಟು ಅವನ ತೋಳಿಗೆ ಬಿತ್ತು. ಅದು ಹೇಗೆ ಬಿತ್ತೆಂದು ನಿಜಕ್ಕೂ ನನಗೆ ತಿಳಿಯದು. ದಪ್ಪ ಜಾಕೆಟ್ಟು, ಅವನಿಗೇನೂ ಆಗಲಿಲ್ಲ. ಆಗ ನಾನು ಅವನನ್ನು ನೋಡಿದೆ. ತಲೆಗೆ ಟೋಪಿ, ಕಣ್ಣಿಗೆ ಕನ್ನಡಕ, ಕುತ್ತಿಗೆಗೆ ಮಫ್ಲರು. ಕೆನ್ನೆ ಮತ್ತು ಗದ್ದದ ನಡುವೆ ಅಂಗೈಯಷ್ಟು ಚರ್ಮ ಬರಿದಾಗಿತ್ತು. ಕೋಲನ್ನು ತಿರುಗಿಸಿ ಹಿಡಿದೆ, ಕಬ್ಬಿಣದ ಮೊನೆ ಮೇಲಕ್ಕೆ ಬಂತು. ಅಲ್ಲಿಗೇ ಹೊಡೆದೆ. ಚರ್ಮ ಕಿತ್ತು ಬಂತು. ಮಂಡಿಯೂರಿದವನ ಕಿವಿಯ ಮೇಲೆ ಇನ್ನೊಂದು ಬಾರಿಸಿದೆ. ಬಿಸಿ ರಕ್ತ ಬಿದ್ದಲ್ಲೆಲ್ಲ ಹಿಮ ಕರಗಿ ಸಣ್ಣ ಸಣ್ಣ ತೂತುಗಳಾದವು. ಜೊತೆಯವರು ನನ್ನನ್ನು ಕೆಡವಿ, ಕೈ ತಿರುಚಿ, ಹಗ್ಗದಲ್ಲಿ ಕಟ್ಟಿದರು. ನಾನು ಒಬ್ಬನ ಮುಂಗೈ ಕಚ್ಚಿದೆ.

ಕೆನ್ನೆಗೆ ಮಫ್ಲರು ಬಿಗಿದುಕೊಂಡು ಅವನೇ ಮುಂದೆ ನಿಂತು, ಇಬ್ಬರ ಹೆಗಲಿಗೆ ಆನಿಸಿ ಆರು ಗಂಟೆ ನಡೆಸಿ ನನ್ನನ್ನು ಕೆಳಗೆ ತಂದ. ಎಂಟು ಜನರಲ್ಲಿ ಒಬ್ಬರೂ ತುದಿ ಮುಟ್ಟಲಿಲ್ಲ. ಕೆಳಗಿನ ಊರಿನ ಡಾಕ್ಟರು, ಮಿದುಳಿಗೆ ನೀರು ತುಂಬಿತ್ತು, ಇನ್ನಷ್ಟು ಮೇಲೆ ಹೋಗಿದ್ದರೆ ಹೆಣ ಇಳಿಸಬೇಕಾಗುತ್ತಿತ್ತು ಎಂದರು. "ಆಗ ಮಾಡಿದ್ದು ನೀವಲ್ಲ, ಕಾಯಿಲೆ ಮಾಡಿಸಿದ್ದು" ಎಂದು ಸಮಾಧಾನವನ್ನೂ ಹೇಳಿದರು. ಕಚ್ಚಿಸಿಕೊಂಡವನು ಕೂಡ ನನ್ನ ತಲೆ ಸವರಿದ. ಕೆನ್ನೆಗೆ ಹೊಲಿಗೆ ಹಾಕಿಸಿಕೊಂಡು ಬಂದ ದಾರಿ ತೋರಿಸುವವನ ಮುಂದೆ ಕೈ ಮುಗಿದೆ. ಅವನು ನಮ್ಮ ಸಾಮಾನು ಹೊರುವ ಹೇಸರಗತ್ತೆಯ ಕಡೆ ನೋಡುತ್ತ, "ಎತ್ತರದಲ್ಲಿ ಹೀಗೆ ಆಗುತ್ತದೆ ಮೇಡಂ" ಎಂದ. ನನ್ನ ಮುಖ ನೋಡಲಿಲ್ಲ.

ಹೈದರಾಬಾದಿಗೆ ಬರುವಷ್ಟರಲ್ಲಿ ಬಳಗದವರು ಕಥೆ ಹಬ್ಬಿಸಿಯಾಗಿತ್ತು: ಬಡ ಹೆಂಗಸಿನ ಚಿಕಿತ್ಸೆಗಾಗಿ ಪ್ರಾಣವನ್ನೇ ಪಣಕ್ಕಿಟ್ಟ ಟೀಚರ್. ಹೊಡೆದದ್ದು ಅದರಲ್ಲಿರಲಿಲ್ಲ. ಬೇಗಂ ಬಜಾರಿನವನು ಕಣ್ಣೊರೆಸಿಕೊಂಡು, ತುದಿ ಗಿದಿ ಎಲ್ಲ ಬಿಡಿ ಎಂದು ಮಾತು ಕೊಟ್ಟದ್ದಕ್ಕಿಂತ ಹೆಚ್ಚೇ ಕೊಟ್ಟ. ನನಗೆ ಶಾಲು ಹೊದಿಸಿದರು. ನಾನು ಹೊದ್ದುಕೊಂಡೆ. ಬೇಡವೆನ್ನಲು ಬಾಯಿ ಬರಲಿಲ್ಲ, ಆಪರೇಷನ್ನಿಗೆ ಗುರುವಾರದ ದಿನ ಸಿಕ್ಕಿತ್ತು.

ಮಂಗಳವಾರ ಮಧ್ಯಾಹ್ನ ಅವಳು ಅಡುಗೆಮನೆಯಲ್ಲಿ ರೊಟ್ಟಿಯನ್ನು ನೀರಲ್ಲಿ ಕಿವುಚುತ್ತ ಕೂತಿದ್ದಳು. ಗುಡ್ಡದಲ್ಲಿ ಏನಾಯಿತೆಂದು ಕೇಳಿದಳು. ಅವಳಿಗೆ ಸುಳ್ಳು ಹೇಳಲಾಗಲಿಲ್ಲ. ಒಬ್ಬನಿಗೆ ರಕ್ತ ಬರುವಂತೆ ಹೊಡೆದೆ ಎಂದೆ. ಅವಳು ಗಾಬರಿಯಾಗಲಿಲ್ಲ. ನನಗೇ ಧೈರ್ಯ ಹೇಳಿದಳು.

"ಬಿಡ್ರಿ ಅಕ್ಕಾರ. ಜಡ್ಡಿನಾಗ ನಿಮಗ ಖಬರ ಇದ್ದಿಲ್ಲ. ನಮ್ಮಂವಂದೂ ಹಿಂಗ ನೋಡ್ರಿ."

ನೆತ್ತಿಗೆ ಬೆಂಕಿ ಏರಿತು. ನನ್ನನ್ನು ಆ ಕುಡುಕನ ಪಕ್ಕ ಕೂಡಿಸುತ್ತಾಳಲ್ಲ! ಅನ್ನ ಹಾಕಿದ್ದು ನಾನು, ಅವಳಿಗಾಗಿ ಸಾಯಹೋದದ್ದು ನಾನು. ಕೈ ಎತ್ತಿಬಿಟ್ಟೆ. ಅವಳು ಎರಡೂ ಅಂಗೈಯಿಂದ ಗದ್ದ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಂಡಳು. ನೀರಿನ ಪಾತ್ರೆ ಉರುಳಿತು.

ನಾಚಿಕೆಯಾಗಿ ಅತ್ತುಬಿಟ್ಟೆ. ಅಪ್ಪ ಸತ್ತಾಗಲೂ ಅಷ್ಟು ಅತ್ತಿರಲಿಲ್ಲ. ಒದ್ದೆ ನೆಲದ ಮೇಲೆ ಕೂತು ಹೇಳಿದೆ: "ನನಗ ಖಬರ ಇತ್ತವ್ವಾ. ಮೊದಲ್ನೇದಕ್ಕ ಇದ್ದಿಲ್ಲ. ಎರಡನೇದಕ್ಕ ಇತ್ತು. ಎಲ್ಲಿ ಹೊಡದ್ರ ಹರೀತದ ಅಂತ ಜಾಗಾ ನೋಡೀನಿ. ಕೋಲು ತಿರುವಿ ಹಿಡದೀನಿ."

ಅವಳು ಗದ್ದದಿಂದ ಕೈ ತೆಗೆಯದೆಯೇ ಕೇಳಿದಳು.

"ಜಾಗಾ ನೋಡಿ ಹೊಡದ್ರೇನ್ರಿ?"

"ಹೂಂ."

"ಅವತ್ತ ಅಂವ ಮೊದಲ ಒಂದು ಸಾದಾ ಹಲಗಿ ತಗೊಂಡಿದ್ನ್ರಿ. ಅದನ್ನ ಒಗದು, ಅಲ್ಲೇ ಹುಡಿಕ್ಯಾಡಿ ಮೊಳಿ ಇದ್ದ ಹಲಗಿ ತಗೊಂಡ." ಅವಳು ನನ್ನನ್ನು ನೋಡುತ್ತಿರಲಿಲ್ಲ. "ಹಂಗಾರ ಅವಂಗೂ ಖಬರ ಇತ್ತು."

ನಾಲ್ಕು ತಿಂಗಳು ಬೈದರೂ, ಕಿರುಚಿದರೂ ನನ್ನಿಂದ ಆಗದಿದ್ದದ್ದು ಹೀಗೆ ಆಯಿತು. ಮರುದಿನ ಮುದುಕಿ ಬಂದು ಹಳೆಯ ಮಾತನ್ನೇ ಶುರು ಮಾಡಿದಾಗ ಅವಳೇ ಎದ್ದು ಹೋಗಿ ಬಾಗಿಲು ಹಾಕಿದಳು. ನಾನು ನಡುವೆ ಹೋಗಲಿಲ್ಲ.

ಗುರುವಾರ ಆಸ್ಪತ್ರೆಗೆ ಹೊರಡುವಾಗ ಅವಳ ಚೀಲ ಹಿಡಿಯಲು ಹೋದೆ. ಅವಳು ಅದನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

"ನೀವೂ ಬರ್ರಿ ಅಕ್ಕಾರ. ಆದ್ರ ಒಳಗ ಬರಬ್ಯಾಡ್ರಿ, ಹೊರಗ ಕೂಡ್ರಿ."

ಹೊರಗೆ ಕೂತೆ.