ಬಾಲಚುಕ್ಕಿ ನೋಡಿದ ಬಸುರಿ

ಗ್ರಹಣವಾದರೆ ಬಿಡುತ್ತದೆ. ಬಸುರಿ ಹೆಂಗಸು ತಾಸೆರಡು ತಾಸು ಕತ್ತಲ ಕೋಣೆಯಲ್ಲಿ ಅಲುಗಾಡದೆ ಮಲಗಿದರೆ ಮುಗಿಯಿತು. ನಮ್ಮ ಅತ್ತೆ ಬಾಲಚುಕ್ಕಿಗೂ ಅದೇ ಕಾನೂನು ಹಚ್ಚಿದರು. ಆ ಚುಕ್ಕಿಯೋ, ದಿನಾ ಹೊತ್ತು ಮುಳುಗಿದ ಕೂಡಲೇ ಪಡುವಲ ಮೂಲೆಗೆ ಬಂದು ನಿಲ್ಲುತ್ತಿತ್ತು. ತಿಂಗಳಾಗುತ್ತ ಬಂದರೂ ಹೋಗುವ ಲಕ್ಷಣವೇ ಇರಲಿಲ್ಲ.

ಅದು ತೊಂಬತ್ತೇಳರ ಬೇಸಿಗೆ. ನನಗೆ ಏಳು ತಿಂಗಳು, ಚೊಚ್ಚಲು. ಉಗಾರದ ನಮ್ಮ ಮನೆಯಲ್ಲಿ, ಜೈನರ ಎಲ್ಲ ಮನೆಗಳಂತೆ, ಹೊತ್ತಿರುವಾಗಲೇ ಊಟ ಮುಗಿಯುತ್ತಿತ್ತು. ಉಂಡು ಕೈ ತೊಳೆದದ್ದೇ ತಡ, ಅತ್ತೆ ನನ್ನನ್ನು ಒಳಕೋಣೆಗೆ ಕಳಿಸಿ ಕದ ಮುಂದೆ ಮಾಡುತ್ತಿದ್ದರು. ಕಾಯಿಪಲ್ಲೆ ಹೆಚ್ಚುವಂತಿಲ್ಲ, ಸೂಜಿ ಹಿಡಿಯುವಂತಿಲ್ಲ. ಬಸುರಿ ಆ ಚುಕ್ಕಿಯನ್ನು ನೋಡಿದರೆ ಕೂಸಿನ ತುಟಿ ಹರಿಯುತ್ತದಂತೆ. ಸೆಕೆಯಲ್ಲಿ ಬೆವರು ಒರೆಸಿಕೊಳ್ಳುತ್ತ ನಾನು ಬಿದ್ದುಕೊಂಡಿರಬೇಕು, ಮನೆಮಂದಿಯೆಲ್ಲ ಮಾಳಿಗೆ ಹತ್ತಬೇಕು. ಕೆಳಗಿಳಿದ ಗಂಡ, ಬಾಲ ಇವತ್ತು ಎಷ್ಟು ಉದ್ದ ಕಾಣುತ್ತಿತ್ತು ಎಂದು ನನ್ನ ಮುಂದೆಯೇ ಬಂದು ವರ್ಣಿಸುತ್ತಿದ್ದ. ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ನನ್ನನ್ನೂ ಕರೆದುಕೊಂಡು ಹೋಗು ಎಂದರೆ, ಅವ್ವನ ಮಾತು ಮೀರಬೇಡ, ಅದೇನು ಇನ್ನು ನಾಲ್ಕು ದಿನ ಇರುತ್ತದೆ ಅಷ್ಟೇ ಎನ್ನುತ್ತಿದ್ದ. ಸಾವಿರಾರು ವರ್ಷಕ್ಕೊಮ್ಮೆ ಬರುವ ಚುಕ್ಕಿ ಎಂದು ಸಾಂಗಲಿಯಿಂದ ಬರುವ ಮರಾಠಿ ಪೇಪರಿನಲ್ಲಿ ಓದಿ ಹೇಳಿದವನೂ ಅವನೇ. ಬೀದಿಯ ನಾಯಿಗೂ ಕಾಣುವುದು ನನಗೊಬ್ಬಳಿಗೆ ಕಾಣಬಾರದೇ?

ಒಂದು ಸಂಜೆ ಎದ್ದೇಬಿಟ್ಟೆ. ಕದ್ದು ಹೋಗಲಿಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಪಡಸಾಲೆಯಲ್ಲಿ ಜಪಕ್ಕೆ ಕೂತಿದ್ದ ಅತ್ತೆಯ ಮುಂದೆಯೇ ಹಾದು, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದೆ. ಅವರು ಹಿಂದೆಯೇ ಬಂದು ಕೆಳಗೆ ನಿಂತರು.

"ನಾಳೆ ಕೂಸಿಗೆ ಏನರೆ ಆತಂದ್ರ ನಿನ್ನ ಪಾಪ ನಿನಗ."

"ಆಗ್ಲಿರಿ," ಎಂದೆ.

ಕಬ್ಬಿನ ಹೊಲಗಳ ಮೇಲೆ ಅದು ನಿಂತಿತ್ತು. ದಪ್ಪ ಚುಕ್ಕಿ, ಮೇಲಕ್ಕೆ ಚಾಚಿದ ಬೆಳ್ಳನೆಯ ಬಾಲ, ರಂಗೋಲಿ ಪುಡಿಯನ್ನು ಯಾರೋ ಬೆರಳಿನಿಂದ ಒರೆಸಿದ ಹಾಗೆ. ಅಬ್ಬಾ, ಎಷ್ಟು ಚಂದವಿತ್ತು! ಕತ್ತು ನೋಯುವವರೆಗೆ ನೋಡಿದೆ. ಮರುದಿನವೂ ಹತ್ತಿದೆ. ಕುಬಸದ ಶಾಸ್ತ್ರ ಮುಗಿಸಿಕೊಂಡು ಹೆರಿಗೆಗೆ ತವರಿಗೆ ಹೋಗುವ ತನಕ ದಿನಾ ಹತ್ತಿದೆ.

ನಿಪ್ಪಾಣಿಯ ತವರಿನಲ್ಲಿ ಹೆಣ್ಣು ಕೂಸು ಹುಟ್ಟಿತು. ಮೇಲ್ತುಟಿ ಸೀಳಿತ್ತು.

ಎದೆ ಒಡೆದುಹೋಯಿತು, ಸುಳ್ಳೇಕೆ ಹೇಳಲಿ. ಕುಡಿದ ಹಾಲು ಸೀಳಿನಿಂದ ಹೊರಗೆ ಸುರಿಯುತ್ತಿತ್ತು, ನಾನು ಸೆರಗಿನಿಂದ ಒರೆಸುತ್ತ ಅಳುತ್ತಿದ್ದೆ. ಮಿರಜದ ಡಾಕ್ಟರು, ಹೊಟ್ಟೆಯೊಳಗೆ ತುಟಿ ಕೂಡುವುದು ಎರಡು ಮೂರು ತಿಂಗಳಿಗೇ, ನೀವು ಚುಕ್ಕಿ ನೋಡುವ ಹೊತ್ತಿಗೆ ಆಗುವುದೆಲ್ಲ ಆಗಿಹೋಗಿತ್ತು, ಸ್ವಲ್ಪ ಬೆಳೆಯಲಿ, ಹೊಲಿದು ಕೊಡುತ್ತೇವೆ ಎಂದರು. ಮನೆಗೆ ಬಂದು ಅದನ್ನೇ ಎಲ್ಲರಿಗೂ ಹೇಳಿದೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ, ಹೆತ್ತವ್ವ ಕೂಡ.

ತೊಟ್ಟಿಲಿಗೆ ಹಾಕುವ ದಿನ ಉಗಾರದಿಂದ ಬೀಗರು ಬಂದರು. ಅತ್ತೆಗೆ ವಿಷಯ ಗೊತ್ತಿತ್ತು. ಅವರ ಸಂಗಡ ಬಂದ ಹೆಂಗಸರಿಗೆ ಗೊತ್ತಾಗಬಾರದೆಂದು ಅವ್ವ ಹೊದಿಕೆಯನ್ನು ಕೂಸಿನ ಮೂಗಿನ ತನಕ ಎಳೆದಳು. ಬೀಗರು ಹೋಗುವ ತನಕ ಹೀಗೇ ಇರಲಿ ಎಂದು ನನಗೆ ಕೈ ಮುಗಿದಳು. ನನ್ನ ಮಗಳು ಏನು ಕದ್ದು ಬಂದಿದ್ದಳೇ? ಹೆಂಗಸರು ತೊಟ್ಟಿಲ ಸುತ್ತ ನೆರೆದ ಕೂಡಲೇ ನಾನು ಹೊದಿಕೆ ಕೆಳಗೆ ಸರಿಸಿದೆ.

ಹಾಡುತ್ತಿದ್ದವರು ನಿಲ್ಲಿಸಿದರು. ಯಾರೋ ಲೊಚಗುಟ್ಟಿದರು. ಅತ್ತೆ ಮಾತ್ರ ತಡೆದುಕೊಳ್ಳಲಿಲ್ಲ.

"ನೋಡಬ್ಯಾಡ ಅಂತ ಎಷ್ಟ ಬಡಕೊಂಡ್ನಿ. ನನ್ನ ಮಾತ ಕೇಳಲಿಲ್ಲ ನೀ."

"ನೋಡೇನ್ರಿ," ಎಂದೆ. "ಅದನ್ನೂ ನೋಡೇನಿ, ಇಕಿನ್ನೂ ನೋಡಾಕತ್ತೇನಿ. ಎರಡೂ ಚಂದ ಅದಾವು. ನೀವೂ ಬಗ್ಗಿ ನೋಡ್ರಿ."

ಯಾರೂ ಬಗ್ಗಲಿಲ್ಲ. ನಾನೇ ಕೂಸನ್ನು ಎತ್ತಿಕೊಂಡು ಒಬ್ಬೊಬ್ಬರ ಮುಖದ ಎದುರಿಗೂ ಹಿಡಿದು ತೋರಿಸಿದೆ. ಕಡೆಗೆ ಅತ್ತೆಯ ಮುಂದೆ ನಿಂತೆ. ಅವರು ಮುಖ ಆಚೆ ತಿರುಗಿಸಿದರು. ಹಸಿ ಬಾಣಂತಿ ನಾನು, ಆದರೂ ಕೂಸನ್ನು ಇಳಿಸಲಿಲ್ಲ. ಅವರು ಈಚೆ ತಿರುಗಿ ಕೈ ಚಾಚುವ ತನಕ ಹಿಡಿದೇ ನಿಂತಿದ್ದೆ.